ಮುಖ ನೋಡುವ ಮುನ್ನ

ದಮಿಯೆತ್ತಾ
೧೪ ಮೇ ೧೯೯೭

ಪ್ರೀತಿಯ ಇಂತಿಸಾರ್,

ನೀನೂ ನಿನ್ನ ಮಕ್ಕಳೂ ಕುವೈತಿನ ಬಿಸಿಲಲ್ಲಿ ಬಾಡದೆ ಚೆನ್ನಾಗಿರಿ ಎಂದು ಮೊದಲೇ ಹಾರೈಸಿಬಿಡುತ್ತೇನೆ. ಆಮೇಲೆ ಬರೆಯುವುದರಲ್ಲಿ ಹಾರೈಕೆಗೆ ಜಾಗ ಸಿಗುತ್ತದೋ ಇಲ್ಲವೋ.

ಬಕ್ರೀದ್ ದಿನ ನೀನು ಫೋನು ಮಾಡಿದ್ದೆಯಲ್ಲ. “ಗಂಡು ಮಗುವಂತೆ ಕಣೇ ಸುಹೈರ್, ನಮ್ಮ ಶೌಕಿನೇ ತಿರುಗಿ ಬರ್ತಿದ್ದಾನೆ” ಎಂದು ನೀನು ಅಳುತ್ತಿದ್ದೆ. ನಾನು “ಹೂಂ, ಹೂಂ” ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಗಂಡ ಹೋದ ಮೇಲೆ ಇವಳು ಕಲ್ಲಾಗಿದ್ದಾಳೆ ಎಂದುಕೊಂಡಿರುತ್ತೀಯ. ಏನು ಮಾಡಲಿ, ಈ ಮನೆಗಿರುವ ಒಂದೇ ಫೋನು ನಿನ್ನಣ್ಣ ಸಬ್ರಿ ಭಾವನ ಹಾಲಿನಲ್ಲಿದೆ. ನಾನು ಮಾತಾಡುವಷ್ಟು ಹೊತ್ತೂ ಅವರ ಹೆಂಡತಿ ನಗಾತ್ ಅಕ್ಕ ಪಕ್ಕದ ಸೋಫಾದ ಧೂಳು ಹೊಡೆಯುತ್ತ ನಿಂತಿರುತ್ತಾಳೆ. ಆ ಸೋಫಾದಲ್ಲಿ ಅಷ್ಟು ಧೂಳು ಎಲ್ಲಿಂದ ಬರುತ್ತದೋ ದೇವರೇ ಬಲ್ಲ. ಅವತ್ತು ಹೇಳಲಾಗದ್ದನ್ನು ಇವತ್ತು ಬರೆಯುತ್ತೇನೆ. ಮೊದಲಿಂದ ಬರೆಯುತ್ತೇನೆ, ನಡುವೆ ನಿಲ್ಲಿಸದೆ ಓದು.

ನಾನು ಬಸುರಿ ಎಂದು ಗೊತ್ತಾದ ದಿನವೇ ನಿನ್ನ ಅಣ್ಣ ಶೌಕಿ ಒಂದು ತೀರ್ಮಾನ ಮಾಡಿಬಿಟ್ಟಿದ್ದರು. ಮದುವೆಯಾಗಿ ಏಳು ವರ್ಷ ಕಾದವರು. ಕೆಳಗಿನ ಅಂಗಡಿಯಿಂದ ಮೈತುಂಬ ಮರದ ಪುಡಿ ಹೊತ್ತು ಹಾಗೇ ಮೇಲೆ ಬಂದು, “ಇಷ್ಟು ವರ್ಷ ಆದ್ಮೇಲೆ ಯಾರೋ ನಮ್ಮ ಬಾಗಿಲು ತಟ್ಟಿದ್ದಾರೆ ಸುಹೈರ್. ನೀವು ಗಂಡಸಾ ಹೆಂಗಸಾ ಅಂತ ಹೊರಗೆ ನಿಲ್ಲಿಸಿ ಕೇಳೋದು ಮರ್ಯಾದೆನಾ? ಮೊದಲು ಒಳಗೆ ಬರ್ಲಿ, ಆಮೇಲೆ ನೋಡೋಣ” ಎಂದರು. ನಾನು ನಕ್ಕು ಒಪ್ಪಿದೆ. ಸ್ಕ್ಯಾನಿಂಗ್‌ಗೆ ಹೋದರೂ ಕೇಳುವುದು ಬೇಡ ಎಂದು ಮಾತಾಯಿತು. ಆಗ ಆ ಮಾತಿನ ಮೇಲೆ ಯಾವ ಭಾರವೂ ಇರಲಿಲ್ಲ. ಅದು ನಮ್ಮಿಬ್ಬರ ಸಲಿಗೆಯ ಆಟ, ಅಷ್ಟೇ.

ಆಮೇಲೆ ನವೆಂಬರ್ ಬಂತು. ಬಂದರಿನ ರಸ್ತೆಯಲ್ಲಿ ಮರದ ದಿಮ್ಮಿ ತುಂಬಿದ ಲಾರಿ ಮಗುಚಿತು. ಶೌಕಿ ಡ್ರೈವರನ ಪಕ್ಕ ಕೂತಿದ್ದರು. ಅದನ್ನು ಇನ್ನೊಮ್ಮೆ ಬರೆಯುವ ಶಕ್ತಿ ನನಗಿಲ್ಲ, ಓದುವ ಶಕ್ತಿ ನಿನಗೂ ಇರಲಾರದು.

ಅವರು ಹೋದ ಮೇಲೆ ಆ ಆಟ ಆಟವಾಗಿ ಉಳಿಯಲಿಲ್ಲ. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ನನ್ನ ಕೈಯಿಂದ ಒಮ್ಮೆ ಬರೆದು ನೋಡಬೇಕೆನಿಸಿದೆ. ನನ್ನ ಹೊಟ್ಟೆಯಲ್ಲಿರುವುದು ಗಂಡಾದರೆ, ಕೆಳಗಿನ ಮರಗೆಲಸದ ಅಂಗಡಿ ಮತ್ತು ನಾನಿರುವ ಈ ಮಹಡಿ, ನನ್ನದೂ ನಿನ್ನ ಅಮ್ಮನದೂ ಪಾಲು ಕಳೆದರೆ, ಪೂರ್ತಿ ಅವನದು. ಹೆಣ್ಣಾದರೆ ಅವಳಿಗೆ ಅರ್ಧ ಮಾತ್ರ. ನಮ್ಮಿಬ್ಬರ ಪಾಲೂ ಹೋಗಿ ಉಳಿದದ್ದರಲ್ಲಿ ದೊಡ್ಡಪ್ಪನಾದ ಸಬ್ರಿ ಭಾವನಿಗೆ ಎರಡು ಭಾಗ, ಸೋದರತ್ತೆಯಾದ ನಿನಗೆ ಒಂದು. ಉಳಿಯುವುದು ದೊಡ್ಡ ಪಾಲೇನಲ್ಲ. ಆದರೆ ಮನೆಯೊಳಗೆ ಒಂದು ಕೋಣೆಯಷ್ಟು ಪಾಲಿದ್ದವನೂ ಮಾರಲೇಬೇಕೆಂದು ಹಟ ಹಿಡಿದು ಕೋರ್ಟಿಗೆ ಹೋದರೆ ಮನೆಯೇ ಮಾರಾಟವಾಗುತ್ತದೆ.

ಮಾರಬೇಕೆಂಬ ಹಟ ಆಗಲೇ ಹುಟ್ಟಿತ್ತು. ಕೈರೋದ ಒಬ್ಬ ವ್ಯಾಪಾರಿಗೆ ನಮ್ಮ ಮೂಲೆಯ ಜಾಗದ ಮೇಲೆ ಕಣ್ಣು. ಇದನ್ನು ಕೆಡವಿ, ಬೀದಿಯುದ್ದಕ್ಕೂ ಗಾಜು ಹಾಕಿಸಿ, ಮಂಚ ಸೋಫಾ ಮಾರುವ ದೊಡ್ಡ ಮಳಿಗೆ ಮಾಡಬೇಕೆಂದು ಅವನ ಆಸೆ. ಅವನನ್ನು ಕರೆತಂದವರು ಸಬ್ರಿ ಭಾವ. ತಮ್ಮ ಪಾಲಿನ ಅಂಗಡಿಯನ್ನು ಅವರು ಎಂದೋ ಶೌಕಿಗೆ ಮಾರಿ, ಆ ದುಡ್ಡನ್ನು ಯಾವುದೋ ವ್ಯಾಪಾರದಲ್ಲಿ ಮುಳುಗಿಸಿಕೊಂಡದ್ದು ನಿನಗೆ ಗೊತ್ತು. ಈಗ ಇವರು ಮಾಡುವುದು ದಲ್ಲಾಳಿ ಕೆಲಸ. ಒಂದು ವ್ಯವಹಾರ ಕುದುರಿಸಿ ತಲೆಯೆತ್ತಿ ನಡೆಯುವ ಆಸೆ ಯಾರಿಗಿಲ್ಲ?

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಭಾವ ಮೇಲಿನ ಮಹಡಿಯಿಂದ ಇಳಿದು ಬಂದರು. ಮುಖ ನೋಡದೆ ಮಾತು ಶುರು ಮಾಡಿದರು.

“ನೋಡಮ್ಮಾ, ನಾನು ಕೆಟ್ಟವನಲ್ಲ. ಒಂದು ಸ್ಕ್ಯಾನಿಂಗ್ ಮಾಡಿಸಿಬಿಡು. ಯಾರು ಅಂತ ಗೊತ್ತಾದ್ರೆ ಎಲ್ಲರಿಗೂ ನೆಮ್ಮದಿ. ಗಂಡಾದ್ರೆ ನಾನು ಈ ವಿಷಯ ಇನ್ನೆತ್ತಲ್ಲ, ಆಣೆ.”

“ಹೆಣ್ಣಾದ್ರೆ ಭಾವ?”

“ಹೆಣ್ಣಾದ್ರೆ ಕೂತು ಮಾತಾಡೋಣ. ನೀನಿನ್ನೂ ಚಿಕ್ಕವಳು. ನಾಳೆ ಇನ್ನೊಬ್ಬ ಗಂಡ ಬರ್ತಾನೆ. ನನ್ನ ತಮ್ಮ ಬೆವರು ಸುರಿಸಿದ ಜಾಗದಲ್ಲಿ ಯಾವನೋ ಕಾಲ ಮೇಲೆ ಕಾಲು ಹಾಕಿ ಕೂರೋದು ನನಗಿಷ್ಟ ಇಲ್ಲ.”

ತಮ್ಮನ ಜಾಗದಲ್ಲಿ ಬೇರೆಯವನು ಕೂರಬಾರದು ಎನ್ನುವ ಮನುಷ್ಯನೇ ಅದನ್ನು ಕೈರೋದವನಿಗೆ ಮಾರಲು ಹೊರಟಿದ್ದ. ನಾಲಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಮೈಮೇಲೆ ಕಪ್ಪು ಬಟ್ಟೆ, ಹೊಟ್ಟೆಯಲ್ಲಿ ಕೂಸು. ನನಗೆ ಇರುವುದು ಈ ಮನೆಯೊಂದೇ. ಜಗಳವಾಡಿ ಹೋಗಲು ತವರಿನಲ್ಲಿ ಯಾರು ಉಳಿದಿದ್ದಾರೆ?

ನಗಾತ್ ಅಕ್ಕನ ಬಾಯಿಗೆ ಅಂದಿನಿಂದ ಬಿಡುವಿಲ್ಲ. ಮೆಟ್ಟಿಲಲ್ಲಿ ನಾನು ಸಿಕ್ಕರೆ ಸಾಕು, ಅಡಿಯಿಂದ ಮುಡಿಯವರೆಗೆ ನೋಡಿ, “ಮುಖ ಹೇಗೆ ಕಳೆಗುಂದಿದೆ ನೋಡು. ಅಮ್ಮನ ಚೆಲುವನ್ನ ಕದಿಯೋದು ಹೆಣ್ಣೇ ಕಣೇ” ಎನ್ನುವಳು. ಗಂಡ ಸತ್ತವಳ ಮುಖ ಇನ್ನು ಹೇಗಿರುತ್ತದೆ? ಒಮ್ಮೆ ಪಕ್ಕದ ಮನೆಯವಳಿಗೆ ಕೇಳಿಸುವ ಹಾಗೆ, “ಒಳಗೆ ಯಾರಿದ್ದಾರೆ ಅಂತ ನೋಡಬಾರದಂತಮ್ಮಾ. ಅರಮನೆ ಗುಟ್ಟು! ರಾಣಿ ಹೆರೋತನಕ ನಾವು ಪ್ರಜೆಗಳು ಕಾಯಬೇಕು” ಎಂದಳು. ನನಗೆ ಕೋಪದ ಜೊತೆಗೆ ನಗುವೂ ಬಂತು. ಆದರೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನೋಡಿದರೇನು ಎಂದು ನೀನೂ ಕೇಳಬಹುದು. ನಾನೂ ನನ್ನನ್ನೇ ಕೇಳಿಕೊಂಡೆ. ನೋಡಿ ಗಂಡು ಎಂದಾದರೆ ಅವತ್ತೇ ನಿದ್ದೆ ಬರುತ್ತದೆ. ಹೆಣ್ಣಾದರೆ, ಅವಳು ಹುಟ್ಟುವ ಮೊದಲೇ ಅವಳ ಪಾಲಿನ ಚೌಕಾಸಿ ಶುರುವಾಗುತ್ತದೆ. ಶೌಕಿಗೆ ಕೊಟ್ಟ ಮಾತೊಂದು ಇತ್ತು, ನಿಜ. ಆದರೆ ನನ್ನನ್ನು ತಡೆದದ್ದು ಅದಕ್ಕಿಂತ ದೊಡ್ಡ ಭಯ. ನಮಾಜಿಗೆ ಕೈಯೆತ್ತಿದರೆ ಬಾಯಿಂದ ತಾನಾಗಿ ಬರುತ್ತಿದ್ದದ್ದು, ಗಂಡಾಗಲಿ, ಗಂಡಾಗಲಿ. ಏಳು ವರ್ಷ ಯಾವುದಾದರೂ ಸರಿ, ಒಂದು ಮಗು ಕೊಡು ಎಂದು ಬೇಡಿದವಳು ನಾನು. ಈಗ ಹೆಣ್ಣು ಎಂದು ತಿಳಿದರೆ ಆ ಕೂಸಿನ ಮೇಲೇ ನನಗೆ ಮುನಿಸು ಬಂದರೆ? ‘ನೀನು ಗಂಡಾಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತು’ ಎಂದು ನನ್ನ ರಕ್ತ ಕುಡಿದು ಬೆಳೆಯುತ್ತಿರುವ ಜೀವಕ್ಕೆ ಒಳಗೊಳಗೇ ಬೈದುಬಿಟ್ಟರೆ? ಆ ಹೆಂಗಸು ನಾನಾಗಬಾರದು ಎಂದೇ ನೋಡುವುದು ಬೇಡ ಎಂದು ಗಟ್ಟಿ ಮಾಡಿಕೊಂಡೆ.

ರಂಜಾನ್ ಹಬ್ಬ ಕಳೆದ ವಾರ ತಲೆಸುತ್ತು ಜಾಸ್ತಿಯಾಗಿ ಡಾಕ್ಟರ್ ಬಳಿಗೆ ಹೋಗಲೇಬೇಕಾಯಿತು. ಔಷಧಿ ಅಂಗಡಿಯ ಮೇಲೆ ಕ್ಲಿನಿಕ್ ಇಟ್ಟುಕೊಂಡಿರುವ ಲೇಡಿ ಡಾಕ್ಟರ್ ಮಗ್ದಾ. ಜೊತೆಗೆ ನಿನ್ನ ಅಮ್ಮ ಹೊರಟರು. ನಗಾತ್ ಅಕ್ಕ ಕರೆಯದೆಯೇ ಬುರ್ಖಾ ಸಿಕ್ಕಿಸಿಕೊಂಡು ಬಂದಳು. ಡಾಕ್ಟರು ಹೊಟ್ಟೆಯ ಮೇಲೆ ಅದೇನೋ ತಣ್ಣನೆಯದನ್ನು ಸವರಿ, ಯಂತ್ರ ಆಡಿಸಿ, ಬೂದು ಬಣ್ಣದ ಪರದೆ ನೋಡತೊಡಗಿದರು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ.

“ಗಂಡೋ ಹೆಣ್ಣೋ ಹೇಳಿಬಿಡಿ ಡಾಕ್ಟ್ರೇ” ಎಂದಳು ನಗಾತ್ ಅಕ್ಕ, ಕುತ್ತಿಗೆ ಚಾಚಿ.

“ನಂಗೆ ಬೇಡ” ಎಂದೆ.

“ಅವಳಿಗೆ ಬೇಡದಿದ್ರೆ ನನ್ನ ಕಿವೀಲಿ ಹೇಳಿ.”

ಡಾಕ್ಟರ್ ಮಗ್ದಾ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ಹೊಟ್ಟೆ ನಿಮ್ಮದಾ ಅಮ್ಮಾ? ಅವರು ಬೇಡ ಅಂದ್ರೆ ಬೇಡ. ಮಗು ಚೆನ್ನಾಗಿದೆ, ತಾಯಿಗೆ ರಕ್ತ ಕಡಿಮೆ. ಹೊರಗೆ ಕೂತಿರಿ” ಎಂದರು.

ನಿನ್ನ ಅಮ್ಮ ಮೂಲೆಯ ಕುರ್ಚಿಯಲ್ಲಿ ಜಪಮಣಿ ತಿರುಗಿಸುತ್ತ ಕೂತಿದ್ದರು. ನಾವು ಹೊರಡುವಾಗ, “ನೀವಿಬ್ರೂ ಕೆಳಗೆ ಹೋಗಿ ಗಾಡಿ ನೋಡ್ತಿರಿ. ನಂಗೆ ಮಂಡಿ ನೋವಿಗೆ ಏನಾದ್ರೂ ಬರೆಸ್ಕೋಬೇಕು” ಎಂದು ಒಳಗೇ ಉಳಿದರು. ಸ್ವಲ್ಪ ಹೊತ್ತಾದ ಮೇಲೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ದಾರಿಯುದ್ದಕ್ಕೂ ನಗಾತ್ ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ನದಿಯ ಕಡೆ ನೋಡುತ್ತಿದ್ದರು.

ಮರುದಿನದಿಂದ ಮನೆಯ ಗಾಳಿಯೇ ಬೇರೆಯಾಯಿತು ಇಂತಿಸಾರ್. ಸಬ್ರಿ ಭಾವ ಮಾರುಕಟ್ಟೆಯಿಂದ ದಪ್ಪ ದಪ್ಪ ಮೀನು ತಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ರಕ್ತ ಕಡಿಮೆ ಅಂದ್ರಂತೆ. ತಿನ್ನು, ಇಬ್ಬರ ಪಾಲು ತಿನ್ನು” ಎಂದರು. ಕೈರೋದ ವ್ಯಾಪಾರಿ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿಬಿಟ್ಟರು. ಅವನು ಬಕ್ರೀದ್‌ವರೆಗೆ ಕಾಯುತ್ತೇನೆ, ಮನಸ್ಸು ಬದಲಾದರೆ ಹೇಳಿ ಎಂದು ಹೋದ. ನಗಾತ್ ಅಕ್ಕನ ಬಾಯಿ ಬಂದಾಯಿತು. ಅಂಗಡಿಯ ಮುಂದೆ ಹೋಗುವವರೆಲ್ಲ ಭಾವನ ಕೈ ಕುಲುಕುತ್ತಿದ್ದರು. ಒಂದು ಬೆಳಿಗ್ಗೆ ಭಾವನ ಎರಡನೆಯ ಮಗಳು ನನ್ನ ಹೊಟ್ಟೆಗೆ ಕೆನ್ನೆ ಒತ್ತಿ, “ಚಿಕ್ಕಮ್ಮ, ತಮ್ಮ ಯಾವಾಗ ಬರ್ತಾನೆ?” ಎಂದಳು.

ಆಗ ನನಗೆ ಅರ್ಥವಾಯಿತು. ಅತ್ತೆ ಡಾಕ್ಟರನ್ನು ಕೇಳಿ ತಿಳಿದುಕೊಂಡು ಬಂದಿದ್ದಾರೆ, ಮಗನಿಗೆ ಹೇಳಿದ್ದಾರೆ. ನಾನು ಕಿವಿ ಮುಚ್ಚಿಕೊಂಡರೂ ಸುದ್ದಿ ಒಳಗೆ ಬಂದುಬಿಟ್ಟಿತ್ತು. ಕೋಪಿಸಿಕೊಳ್ಳಬೇಕಿತ್ತು. ಇಲ್ಲ, ಅಲ್ಲೇ ನೆಲದ ಮೇಲೆ ಕೂತು, ಹಣೆ ಮುಟ್ಟಿಸಿ ಸಜ್ದಾ ಮಾಡಿದೆ. ಗಂಡು! ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಕನಸಿಲ್ಲದ ನಿದ್ದೆ. ಅವನಿಗೊಂದು ಹೆಸರಿಟ್ಟೆ, ಯಾರಿಗೂ ಹೇಳಲಿಲ್ಲ. ಒಬ್ಬಳೇ ಇರುವಾಗ ಆ ಹೆಸರು ಹಿಡಿದು ಮಾತಾಡಿಸುತ್ತಿದ್ದೆ. ಅವನು ಕೆಳಗಿನ ಅಂಗಡಿಯಲ್ಲಿ ಅಪ್ಪನ ಹಾಗೆ ತುಟಿ ಕಚ್ಚಿಕೊಂಡು ಗುಲಾಬಿ ಕೆತ್ತುವುದು ಕಣ್ಣಿಗೆ ಕಟ್ಟುತ್ತಿತ್ತು. ನಡುನಡುವೆ, ಹೆಣ್ಣಾಗಿದ್ದರೆ ಇಷ್ಟು ಕುಣಿಯುತ್ತಿದ್ದೆಯಾ ಎಂದು ಒಳಗಿಂದ ಯಾರೋ ಕೇಳುವರು. ಆ ಪ್ರಶ್ನೆಗೆ ನಾನು ಮುಖ ಕೊಡುತ್ತಿರಲಿಲ್ಲ.

ಬಕ್ರೀದ್‌ಗೆ ಮುಂಚಿನ ವಾರ ಮಾಳಿಗೆ ಹತ್ತಿದೆ. ಅತ್ತೆ ತಮ್ಮ ಬಾತುಗಳಿಗೆ ನೆನೆಸಿದ ಜೋಳ ಹಾಕುತ್ತಿದ್ದರು. ನಾನು ಅವರ ಕೈ ಹಿಡಿದು ಮುತ್ತಿಟ್ಟೆ.

“ಅಮ್ಮಾ, ನೀವು ಡಾಕ್ಟ್ರನ್ನ ಕೇಳಿದ್ದು ನಂಗೆ ಗೊತ್ತಾಯ್ತು. ಬೇಜಾರಿಲ್ಲ, ಒಳ್ಳೇದೇ ಆಯ್ತು.”

“ನಾನು ಕೇಳಿದ್ದು ಮಂಡಿ ನೋವಿಗೆ ಮಾತ್ರೆ. ಅದೂ ಏನೂ ಕೆಲಸ ಮಾಡ್ಲಿಲ್ಲ.”

“ಅಲ್ಲ, ಗಂಡು ಅಂತ...”

ಅವರು ಜೋಳದ ಪಾತ್ರೆ ಕೆಳಗಿಟ್ಟರು. “ಸಬ್ರಿಗೆ ಗಂಡು ಅಂತ ನಾನು ಹೇಳ್ದೆ. ಡಾಕ್ಟ್ರು ಹೇಳ್ಲಿಲ್ಲ, ನಾನು ಕೇಳಲೂ ಇಲ್ಲ. ನಿನಗೆ ಯಾವತ್ತಾದ್ರೂ ಹೇಳಿದ್ನಾ? ಇಲ್ವಲ್ಲ. ನೀನ್ಯಾಕೆ ನಂಬೋಕೆ ಹೋದೆ?”

ಹಿಡಿದಿದ್ದ ಅವರ ಕೈ ಬಿಟ್ಟೆ.

“ಹಾಗಾದ್ರೆ ಯಾರಿಗೂ ಗೊತ್ತಿಲ್ವಾ? ಹೆಣ್ಣಾದ್ರೆ ಅಮ್ಮಾ?”

“ಆದ್ರೆ ಆಯ್ತು. ಯಂತ್ರ ತಪ್ಪು ತೋರಿಸ್ತು ಅಂತೀನಿ. ಅದಕ್ಕೇನು ಬಾಯಿದೆಯಾ ಇಲ್ಲ ಅನ್ನೋಕೆ?” ಎಂದು ಒಂದು ಬಾತನ್ನು ಕಾಲಿಂದ ಅತ್ತ ಸರಿಸಿದರು. ಆಮೇಲೆ ದನಿ ತಗ್ಗಿಸಿ, “ಆ ಕೈರೋದವನು ಹೋಗೋತನಕ ಇವನ ಬಾಯಿ ಮುಚ್ಚಿಸಬೇಕಿತ್ತು. ಒಬ್ಬ ಮಗ ಮಣ್ಣಿಗೆ ಹೋದ. ಇನ್ನೊಬ್ಬ, ಹೊಟ್ಟೇಲಿರೋ ಕೂಸಿನ ಹತ್ರ ಜಗಳಕ್ಕೆ ನಿಂತವನು ಅಂತ ಊರ ಬಾಯಿಗೆ ಬೀಳೋದನ್ನೂ ನಾನೇ ನೋಡಬೇಕಾ?” ಎಂದರು.

ನಿನ್ನ ಅಮ್ಮನ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ. ಆದರೆ ಎರಡು ತಿಂಗಳು ನಾನು ಹೆಸರು ಹಿಡಿದು ಕರೆದ ಹುಡುಗ ಆ ಗಳಿಗೆಯಲ್ಲಿ ಎಲ್ಲೋ ಹೊರಟುಹೋದ. ಹೊಟ್ಟೆ ಮಾತ್ರ ಹಾಗೇ ಇತ್ತು, ಒಳಗೆ ಒದೆಯುವುದೂ ನಿಂತಿರಲಿಲ್ಲ. ಒದೆಯುತ್ತಿರುವುದು ಯಾರೋ ನನಗೆ ಪರಿಚಯವಿಲ್ಲದವರು ಎನ್ನಿಸಿತು. ನೀನು ಫೋನಿನಲ್ಲಿ ಅತ್ತದ್ದು ಇದಾದ ಮೇಲೆ. ನಾನು ಬರೀ “ಹೂಂ” ಎಂದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಹಬ್ಬ ಮುಗಿಯಿತು. ಕೈರೋದವನು ಸೇತುವೆಯ ಆ ಕಡೆ ಬೇರೆ ಜಾಗ ನೋಡಿಕೊಂಡ ಎಂದು ಸುದ್ದಿ ಬಂತು. ಒಂದು ದಿನ ಒಬ್ಬಳೇ ಡಾಕ್ಟರ್ ಮಗ್ದಾ ಬಳಿ ಹೋಗಿ ತೋರಿಸಿಕೊಂಡು ಬಂದೆ. ರಕ್ತ ಸ್ವಲ್ಪ ಸುಧಾರಿಸಿದೆ, ಮಗು ತಲೆ ಕೆಳಗೆ ಮಾಡಿದೆ ಎಂದರು.

ಅತ್ತೆಯ ಸುಳ್ಳು ಅಲ್ಲಿಗೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಭಾವ ಅದರ ಮೇಲೆ ಮಹಡಿ ಕಟ್ಟುತ್ತಿದ್ದರು. ದಲ್ಲಾಳಿ ಕೆಲಸ ಬಿಟ್ಟು ಬೆಳಗಾದರೆ ಕೆಳಗಿನ ಅಂಗಡಿಗೆ ಬಂದು ಕೂರತೊಡಗಿದರು. ಶೌಕಿ ಅರ್ಧಕ್ಕೆ ಬಿಟ್ಟುಹೋದ ಬೀರುವನ್ನು ತಾವೇ ಪಾಲಿಶ್ ಮಾಡಿ ಗಿರಾಕಿಗೆ ಮುಟ್ಟಿಸಿದರು. ಒಮ್ಮೆ ನಾನು ಚಹಾ ಕೊಡಲು ಇಳಿದಾಗ, ತಮ್ಮನ ಉಳಿಯೊಂದನ್ನು ಕೈಯಲ್ಲಿ ಹಿಡಿದು ನನಗೆ ಬೆನ್ನು ಮಾಡಿ ನಿಂತಿದ್ದರು. ಭುಜ ಅಲುಗುತ್ತಿತ್ತು. ಚಹಾವನ್ನು ಅಲ್ಲೇ ಇಟ್ಟು ಬಂದೆ.

ಹೋದ ವಾರದ ಹಿಂದಿನ ಶುಕ್ರವಾರ ಜುಮ್ಮಾ ನಮಾಜಿನ ಮೇಲೆ ಎಲ್ಲರೂ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅತ್ತೆ ಈರುಳ್ಳಿ ತುಂಬಿದ ಬಾತು ಮಾಡಿದ್ದರು. ಭಾವ ಒಳ್ಳೆಯ ಹುರುಪಿನಲ್ಲಿದ್ದರು.

“ಒಂದು ವಿಷಯ ಹೇಳ್ತೀನಿ, ಬೇಡ ಅನ್ನಬಾರದು” ಎಂದರು ನನ್ನ ಕಡೆ ತಿರುಗಿ. “ಬೋರ್ಡ್ ಬರೆಯೋನಿಗೆ ಹೇಳಿಬಿಟ್ಟಿದ್ದೀನಿ. ‘ಶೌಕಿ ಮತ್ತು ಮಗ’ ಅಂತ. ದೊಡ್ಡ ಅಕ್ಷರ, ಹಸಿರು ಬಣ್ಣ. ಮಗು ಹುಟ್ಟಿದ ದಿನ ಮೇಲೆ ಹ್ಯಾಗೆ ಹೊಳೀಬೇಕು ನೋಡು! ಬೀದಿಗೆಲ್ಲ ಶರಬತ್ತು ನನ್ನ ಲೆಕ್ಕ. ಕಾಫಿ ಅಂಗಡೀಲಿ ಎಲ್ಲರಿಗೂ ಹೇಳಿದ್ದಾಯ್ತು.”

ಅತ್ತೆ ಕಣ್ಣಲ್ಲೇ ಸುಮ್ಮನಿರು ಎಂದರು. ನಾನು ಸುಮ್ಮನಿರಲಿಲ್ಲ.

“ಭಾವ, ಬೋರ್ಡ್ ಬೇಡ. ಗಂಡು ಅಂತ ಡಾಕ್ಟ್ರು ಯಾರಿಗೂ ಹೇಳಿಲ್ಲ.”

“ಅಂದ್ರೆ? ಅಮ್ಮ ಕೇಳ್ಕೊಂಡು ಬಂದ್ರಲ್ಲ.”

“ನಾನೇನೂ ಕೇಳಿಲ್ಲ” ಎಂದರು ಅತ್ತೆ, ಬಾತಿನ ಕಾಲು ಮುರಿಯುತ್ತ. “ಬಾಯಿಗೆ ಬಂದದ್ದು ಹೇಳ್ದೆ.”

ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. “ನನ್ನನ್ನ ಊರಿಗೆಲ್ಲ ಕೋಡಂಗಿ ಮಾಡಿದ್ರಾ? ಹೆತ್ತ ಮಗನನ್ನ? ಆ ಗಿರಾಕಿ ಕೈತಪ್ಪಿ ಹೋದ. ನಾಳೆ ಹೆಣ್ಣು ಹುಟ್ಟಿದ್ರೆ ಕಾಫಿ ಅಂಗಡೀಲಿ ನಾನು ತಲೆ ಎತ್ತೋದು ಹೇಗೆ?”

“ತಮ್ಮನ ಗೋರಿಯ ಮಣ್ಣು ಒಣಗೋಕೆ ಮುಂಚೆ ಗಿರಾಕಿ ಕರ್ಕೊಂಡು ಬಂದೆಯಲ್ಲ, ಆಗ ತಲೆ ಎತ್ತಿಕೊಂಡೇ ಇದ್ದೆ.”

“ಅದು ದೇವರು ಕೊಟ್ಟ ಪಾಲು. ನಾನೇನು ಕದೀತಿದ್ನಾ?”

“ಕದೀತೀಯ ಅಂತ ಯಾರಂದ್ರು? ಒಂದೇ ಒಂದು ಮಾತು ಕೇಳ್ತೀನಿ ಸಬ್ರಿ. ಆ ಲಾರೀಲಿ ಅವನ ಬದಲು ನೀನು ಕೂತಿದ್ರೆ? ನಿನಗೆ ಮೂರೂ ಹೆಣ್ಣು. ನಿನ್ನ ಪಾಲಲ್ಲಿ ಶೌಕಿಗೂ ಬರ್ತಿತ್ತು. ಅವನು ನಲವತ್ತನೇ ದಿನ ಯಾರನ್ನಾದ್ರೂ ಕರ್ಕೊಂಡು ಬಂದು, ಈ ಮಕ್ಕಳು ಮಲಗೋ ಕೋಣೆ ಅಳತೆ ಮಾಡಿಸ್ತಿದ್ನಾ?”

ಭಾವನ ಹಿರಿಯ ಮಗಳು ಊಟ ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು. ಭಾವ ಎದ್ದು ನಿಂತರು. ಆಗ ಮಾತಾಡಿದವಳು ನಗಾತ್ ಅಕ್ಕ.

“ಕೂತ್ಕೊಳ್ರೀ” ಎಂದಳು. ದನಿ ಅವಳದಲ್ಲ ಎನ್ನುವ ಹಾಗಿತ್ತು. “ಅಮ್ಮ ಕೇಳಿದ್ದಕ್ಕೆ ಉತ್ತರ ಹೇಳಿ. ನಂಗೂ ಕೇಳಬೇಕು.”

ಭಾವ ಕೈ ತೊಳೆಯದೆ ಹೋಗಿ ಬಾಗಿಲನ್ನು ಎಳೆದುಕೊಂಡ ರಭಸಕ್ಕೆ ಗೋಡೆಯ ಗಾರೆ ಉದುರಿತು. ನಗಾತ್ ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ, “ಹೆಣ್ಣು ಹೆತ್ತವಳು ನಾನು. ನನ್ನ ಬಾಯಿಗೆ ಏನು ಬಂದಿತ್ತು ಇಷ್ಟು ದಿನ” ಎಂದಳು. ಅವಳು ಆಡಿದ್ದನ್ನೆಲ್ಲ ಅಷ್ಟು ಬೇಗ ಮರೆಯುವ ದೊಡ್ಡ ಮನಸ್ಸು ನನಗಿಲ್ಲ.

ಆಮೇಲಿನ ದಿನಗಳಲ್ಲಿ ಭಾವ ಅಂಗಡಿಗೂ ಬರಲಿಲ್ಲ, ನಮ್ಮ ಮಹಡಿಗೂ ಇಳಿಯಲಿಲ್ಲ. ಮೇಲೆ ಅವರು ಅತ್ತಿತ್ತ ನಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ವಕೀಲರ ಬಳಿ ಹೋಗಿದ್ದಾರಂತೆ ಎಂದರು ಯಾರೋ. ಕೈರೋದವನಿಗೆ ಮತ್ತೆ ಹೇಳಿ ಕಳಿಸಿದ್ದಾರಂತೆ ಎಂದರು ಇನ್ನಾರೋ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ನಾನು ಹೊಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಯಾರೋ ಕಸಿದುಕೊಳ್ಳಲು ಬರುತ್ತಿದ್ದಾರೆ ಎನ್ನುವ ಹಾಗೆ.

ಮೊನ್ನೆ ಮಧ್ಯಾಹ್ನ ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಹೊಸ್ತಿಲಾಚೆಯೇ ನಿಂತರು. ಗಡ್ಡ ಬೆಳೆದಿತ್ತು.

“ಸುಹೈರ್, ಒಂದು ಕೇಳ್ಕೋತೀನಿ. ಇನ್ನು ಸ್ವಲ್ಪ ದಿನ. ಅಲ್ಲೀತನಕ ನೋಡೋಕೆ ಹೋಗಬೇಡ.”

“ನೋಡು ನೋಡು ಅಂತ ಪೀಡಿಸಿದವರು ನೀವೇ ಅಲ್ವಾ ಭಾವ?”

“ಹೌದು. ಈಗ ಬೇಡ. ಗಂಡೂ ಅಂತ ಹೇಳಬೇಡ, ಹೆಣ್ಣೂ ಅಂತ ಹೇಳಬೇಡ. ಹೆಣ್ಣು ಅಂತ ಗೊತ್ತಾದ್ರೆ ನಾನು ಮತ್ತೆ ಲೆಕ್ಕ ಹಾಕೋಕೆ ಕೂರ್ತೀನಿ. ನಂಗೆ ನನ್ನ ಗುಣ ಗೊತ್ತು. ಯಂತ್ರದಲ್ಲಿ ಕಾಣೋ ಬೂದು ಚಿತ್ರದ ಹತ್ರ ಪಾಲು ಕೇಳೋಕೆ ನಂಗೆ ನಾಚಿಕೆ ಆಗ್ಲಿಲ್ಲ. ಮಗು ಬರ್ಲಿ. ಅದರ ಮುಖ ನೋಡಿದ್ಮೇಲೂ ಕೇಳೋಕೆ ಬಾಯಿ ಬರುತ್ತಾ ಅಂತ ನೋಡ್ತೀನಿ. ಬಂದ್ರೆ ಬಂತು, ನಾನು ಅಂಥವನೇ ಅಂತ ಗೊತ್ತಾಗುತ್ತೆ.”

ನಾನು ಆಯಿತು ಎಂದು ತಲೆಯಾಡಿಸಿದೆ. ಅವರು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಅಂಗಡಿಯ ಶಟರ್ ಎತ್ತಿದ ಸದ್ದು ಕೇಳಿತು.

ಇದಿಷ್ಟು ನಡೆದದ್ದು. ನಿನಗೆ ಗಂಡು ಎಂದು ಸುದ್ದಿ ಕೊಟ್ಟವರು ಯಾರೂ ಬೇಕೆಂದೇ ಸುಳ್ಳು ಹೇಳಲಿಲ್ಲ, ಅವರೂ ನಂಬಿದ್ದರು. ಗಂಡಿಗೆಂದು ನೀನು ಏನಾದರೂ ಕೊಂಡಿದ್ದರೆ ಸುಮ್ಮನೆ ಇಟ್ಟಿರು. ಮಗು ಯಾರೆಂದು ಮಗುವೇ ಬಂದು ಹೇಳಲಿ. ನನಗೆ ಭಯವಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಶಾಲೆಯಲ್ಲಿ ಪರೀಕ್ಷೆಯ ದಿನ ನನ್ನ ಕೈ ಹೇಗೆ ತಣ್ಣಗಾಗುತ್ತಿತ್ತೆಂದು ಬಲ್ಲವಳು ನೀನು. ಈಗಲೂ ಹಾಗೇ ಇದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಯಜಮಾನರಿಗೆ ಸಲಾಮು ತಿಳಿಸು.

ನಿನ್ನ ಬೆಂಚಿನ ಗೆಳತಿ, ಆಮೇಲೆ ನಿನ್ನ ಅತ್ತಿಗೆ,
ಸುಹೈರ್

ತಾ.ಕ.

೮ ಜೂನ್. ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ. ದಿನವೂ ಕೈಗೆತ್ತಿಕೊಂಡು ದಿನವೂ ಒಳಗಿಟ್ಟೆ. ನಡುವೆ ನೋವು ಬಂತು. ಕಳೆದ ತಿಂಗಳ ಕೊನೆಯ ಶನಿವಾರ ಹೆರಿಗೆಯಾಯಿತು. ಹೆಣ್ಣು. ನಿನ್ನ ಅಮ್ಮನ ಹೆಸರನ್ನೇ ಇಡಲು ಹೊರಟೆ. “ತಫೀದಾ ಅನ್ನೋ ಹೆಸರು ಹೊತ್ತು ನಾನೊಬ್ಬಳು ಸವೆದದ್ದು ಸಾಕು” ಎಂದು ಅವರೇ ತಡೆದರು. ಸಲ್ವಾ ಎಂದಿಟ್ಟಿದ್ದೇವೆ.

ಅವಳ ಕಿವಿಯಲ್ಲಿ ಬಾಂಗು ಹೇಳಿದ್ದು ಸಬ್ರಿ ಭಾವ. ನಡುವೆ ಎರಡು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದರು. ಮುಗಿಸಿ, ಮಗುವನ್ನು ನಗಾತ್ ಅಕ್ಕನ ಕೈಗೆ ಕೊಟ್ಟು ಹೋದರು. ಏಳನೆಯ ದಿನದ ಸಂಭ್ರಮದಲ್ಲಿ ಎಲ್ಲರ ಎದುರಿಗೆ ಹೇಳಿದರು: “ನನ್ನ ಪಾಲು ಬಿಟ್ಟುಕೊಟ್ಟೆ ಅಂತ ದೊಡ್ಡ ಮಾತಾಡಲ್ಲ, ನನಗೂ ಮೂರು ಮಕ್ಕಳಿವೆ. ಆದರೆ ಮಾರಲ್ಲ, ಮಾರೋಕೆ ಬಿಡೋದೂ ಇಲ್ಲ. ಅಂಗಡಿ ನಡೀಲಿ.” ಕಾಫಿ ಅಂಗಡಿಯಲ್ಲಿ ಯಾರೋ ನಕ್ಕರಂತೆ. ಭಾವ ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರಂತೆ.

ಇನ್ನು ನಾನು ಮುಚ್ಚಿಟ್ಟದ್ದು. ಹಬ್ಬದ ಮೇಲೆ ಒಬ್ಬಳೇ ಡಾಕ್ಟರ್ ಬಳಿಗೆ ಹೋದೆ ಎಂದು ಬರೆದೆನಲ್ಲ, ಅವತ್ತು ಕೇಳಿಬಿಟ್ಟೆ. ಒಳಗೆ ಒದೆಯುತ್ತಿರುವುದು ಯಾರೆಂದು ತಿಳಿಯದೆ ಇನ್ನೊಂದು ದಿನವೂ ಕಳೆಯಲಾರೆ ಎನ್ನಿಸಿತ್ತು. ಹೆಣ್ಣು ಎಂದರು. ಊಟದ ಹೊತ್ತಿಗೆ ಬೋರ್ಡ್ ಬೇಡ ಎಂದವಳಿಗೂ ಗೊತ್ತಿತ್ತು, ಭಾವ ಹೊಸ್ತಿಲಲ್ಲಿ ನಿಂತು ಬೇಡಿಕೊಂಡಾಗ ತಲೆಯಾಡಿಸಿದವಳಿಗೂ ಗೊತ್ತಿತ್ತು. ನಾನು ಹೆದರಿದ್ದ ಮುನಿಸು ಬರಲೇ ಇಲ್ಲ ಇಂತಿಸಾರ್. ಡಾಕ್ಟರ್ ಆ ಮಾತು ಹೇಳಿದ ಕ್ಷಣ ಮೊದಲು ಅನ್ನಿಸಿದ್ದು, ಬೇಗ ಮನೆಗೆ ಹೋಗಿ ಶೌಕಿಗೆ ಹೇಳಬೇಕು ಎಂದು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಅವರಿಲ್ಲ ಎಂಬುದು ನೆನಪಾಯಿತು.

ನಿನಗೂ ಬರೆಯಲಿಲ್ಲ. ಯಾಕೆಂದರೆ ಪಾಲು ನಿನಗೂ ಇದೆ, ನೀನು ಏನು ಮಾಡುತ್ತೀಯೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಇಷ್ಟು ವರ್ಷದ ಗೆಳತಿಯ ಬಗ್ಗೆ ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಅಳು ಬರುತ್ತಿದೆ. ಪಾಲನ್ನು ಏನು ಮಾಡುತ್ತೀಯ ಎಂದು ನಾನು ಕೇಳುವುದಿಲ್ಲ. ಎಲ್ಲರೂ ಅವಳ ಫೋಟೋ ಇಟ್ಟು ಕಳಿಸು ಎಂದರು, ನಾನು ಇಡಲಿಲ್ಲ. ಬೇಸಿಗೆ ರಜೆಗೆ ಬಾ. ಬಂದು ಎತ್ತಿಕೊಂಡು ನೋಡು.